ಒಬ್ಬರನ್ನು ಹುಡುಕಲು ಏಳು ಮಂದಿಯ ಬೆನ್ನು ಹತ್ತಿ: ಬಾಂಬರ್ ವಿಮಾನದಲ್ಲಿದ್ದ ಬಂಧುವಿನ ಯುದ್ಧಸೇವೆಯನ್ನು ಪತ್ತೆ ಮಾಡುವ ಬಗೆ

ಸೇವಾ ದಾಖಲೆ ಕೈಸೇರಿದ ದಿನವೇ ಹೆಚ್ಚಿನವರ ಹುಡುಕಾಟ ನಿಂತುಹೋಗುತ್ತದೆ. ತಿಂಗಳುಗಟ್ಟಲೆ ಕಾದು ತರಿಸಿಕೊಂಡ ಹಾಳೆಯಲ್ಲಿ ಇರುವುದು ವಾಯುಪಡೆಗೆ ಸೇರಿದ ದಿನಾಂಕ, ಕೆಲಸ ಮಾಡಿದ ಘಟಕಗಳ ಮೊಟಕು ಹೆಸರುಗಳು, ಬಡ್ತಿ ಸಿಕ್ಕ ತಿಂಗಳು, ಎಲ್ಲೋ ಒಂದು ಕಡೆ ಆಸ್ಪತ್ರೆ ಸೇರಿದ ಟಿಪ್ಪಣಿ. ಅಜ್ಜ ಬರ್ಲಿನ್ ಮೇಲೆ ಹಾರಿದ್ದರೇ? ಯಾವ ವಿಮಾನದಲ್ಲಿ? ಪಕ್ಕದಲ್ಲಿ ಯಾರಿದ್ದರು? ಒಂದಕ್ಕೂ ಉತ್ತರವಿಲ್ಲ.

ತಪ್ಪು ಆ ಹಾಳೆಯದಲ್ಲ. ಬ್ರಿಟನ್ನಿನ ವಾಯುಪಡೆ ಒಬ್ಬೊಬ್ಬ ಸಾರ್ಜೆಂಟನ ದಾಳಿಗಳ ಲೆಕ್ಕವನ್ನು ಅವನ ಸ್ವಂತ ಕಡತದಲ್ಲಿ ಇಡಲಿಲ್ಲ. ಅದು ಇಟ್ಟದ್ದು ವಿಮಾನದ ಲೆಕ್ಕ, ಸ್ಕ್ವಾಡ್ರನ್ನಿನ (ಹಲವು ವಿಮಾನಗಳ ತುಕಡಿಯ) ಲೆಕ್ಕ. ಆದ್ದರಿಂದ ನಿಮ್ಮ ಅಜ್ಜನನ್ನೋ ಅಜ್ಜಿಯ ಅಣ್ಣನನ್ನೋ ಒಬ್ಬೊಬ್ಬರನ್ನಾಗಿ ಹುಡುಕಿದರೆ ಬೇಗ ಗೋಡೆಗೆ ತಲೆ ತಗಲುತ್ತದೆ. ಅವರಿದ್ದ ವಿಮಾನದ ಅಷ್ಟೂ ಜನರನ್ನು ಒಟ್ಟಿಗೆ ಹುಡುಕಬೇಕು. ಲ್ಯಾಂಕಾಸ್ಟರ್, ಹ್ಯಾಲಿಫ್ಯಾಕ್ಸ್, ಸ್ಟರ್ಲಿಂಗ್ ವಿಮಾನಗಳಲ್ಲಿ ಸಾಮಾನ್ಯವಾಗಿ ಏಳು ಮಂದಿ: ಪೈಲಟ್, ಫ್ಲೈಟ್ ಎಂಜಿನಿಯರ್, ನ್ಯಾವಿಗೇಟರ್ (ದಾರಿ ಹೇಳುವವನು), ಬಾಂಬ್ ಏಮರ್ (ಗುರಿ ನೋಡಿ ಬಾಂಬ್ ಬೀಳಿಸುವವನು), ವೈರ್‌ಲೆಸ್ ಆಪರೇಟರ್, ಬೆನ್ನಿನ ಗನ್ನರ್, ಬಾಲದ ಗನ್ನರ್. ಯುದ್ಧದ ಮೊದಲ ವರ್ಷಗಳ ಹ್ಯಾಂಪ್ಡನ್‌ನಲ್ಲಿ ನಾಲ್ವರು, ಬ್ಲೆನ್‌ಹೈಮ್‌ನಲ್ಲಿ ಮೂವರು, ಮಸ್ಕೀಟೋದಲ್ಲಿ ಇಬ್ಬರೇ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಎರಡನೇ ಮಹಾಯುದ್ಧದ ಕಾಲದ, ಅಂದರೆ 1939ರಿಂದ 1945ರವರೆಗಿನ, ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್ ಬಗ್ಗೆ. ಅದರಲ್ಲಿ ಹಾರಿದವರು ಸುಮಾರು 1,25,000. ಸತ್ತವರು 55,573. ಕೇಳಲು ಕಟುವಾದರೂ ಹುಡುಕುವವರಿಗೆ ಈ ಅಂಕಿಯಲ್ಲಿ ಒಂದು ಸುಳಿವಿದೆ: ಬದುಕಿ ಬಂದವರಿಗಿಂತ ಸತ್ತವರ ಬಗ್ಗೆ ಹೆಚ್ಚು ಕಾಗದ ಉಳಿದಿದೆ. ನಿಮ್ಮ ಬಂಧು ಕ್ಷೇಮವಾಗಿ ಮರಳಿದವರಾದರೆ ಕೆಲಸ ಸ್ವಲ್ಪ ಸುತ್ತುಬಳಸಿನದು.

ಮೊದಲು ಮನೆಯಲ್ಲಿ ಇರುವುದನ್ನು ಓದಿ

ಓದಿ ಎಂದೆ, ಹುಡುಕಿ ಎನ್ನಲಿಲ್ಲ. ಮನೆಯಲ್ಲಿರುವ ವಸ್ತುಗಳನ್ನು ಎಲ್ಲರೂ ನೋಡಿರುತ್ತಾರೆ, ಓದಿರುವುದಿಲ್ಲ.

ಸಮವಸ್ತ್ರದ ಫೋಟೋ ಇದ್ದರೆ ಎದೆಯ ಎಡಭಾಗದ ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿ. ಎರಡೂ ಕಡೆ ರೆಕ್ಕೆ ಚಾಚಿದ್ದರೆ ಪೈಲಟ್. ಒಂದೇ ರೆಕ್ಕೆಯಾದರೆ ಅದರ ಬುಡದ ವೃತ್ತದಲ್ಲಿ ಅಕ್ಷರವಿರುತ್ತದೆ: ‘ಎನ್’ ನ್ಯಾವಿಗೇಟರ್, ‘ಬಿ’ ಬಾಂಬ್ ಏಮರ್, ‘ಇ’ ಎಂಜಿನಿಯರ್, ‘ಎಜಿ’ ಗನ್ನರ್. ಬರೀ ‘ಒ’ ಇದ್ದರೆ ಅಬ್ಸರ್ವರ್. 1942ರಲ್ಲಿ ಆ ಹುದ್ದೆಯನ್ನು ಒಡೆದು ನ್ಯಾವಿಗೇಟರ್ ಮತ್ತು ಬಾಂಬ್ ಏಮರ್ ಎಂದು ಎರಡು ಮಾಡಿದರು. ಹಾಗಾಗಿ ಈ ಒಂದು ಅಕ್ಷರ ಅವರ ತರಬೇತಿ ಯಾವ ಕಾಲದ್ದೆಂದು ಹೇಳುತ್ತದೆ. 1940ರ ಮಧ್ಯದ ನಂತರ ವಿಮಾನದಲ್ಲಿ ಹಾರುವ ಎಲ್ಲರಿಗೂ ಕನಿಷ್ಠ ಸಾರ್ಜೆಂಟ್ ದರ್ಜೆ ಕೊಟ್ಟರು. ರೆಕ್ಕೆಯಿದ್ದೂ ತೋಳಿನಲ್ಲಿ ಮೂರು ಪಟ್ಟಿ ಇಲ್ಲದಿದ್ದರೆ ಫೋಟೋ ಅದಕ್ಕಿಂತ ಹಳೆಯದಿರಬಹುದು.

ಪದಕಗಳ ಬಗ್ಗೆ ಎರಡು ಎಚ್ಚರಿಕೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಸೇವಾ ಪದಕಗಳ ಮೇಲೆ ಹೆಸರು ಕೆತ್ತಿರುವುದಿಲ್ಲ. ಪೆಟ್ಟಿಗೆಯಲ್ಲಿ ಸಿಕ್ಕ ಪದಕ ಅವರದೇ ಎಂದು ಪದಕವೇ ಸಾಕ್ಷಿ ಹೇಳಲಾರದು. ಇನ್ನೊಂದು, ಇವನ್ನು ಅರ್ಜಿ ಹಾಕಿ ಪಡೆಯಬೇಕಿತ್ತು. ಬೇಸತ್ತ ಎಷ್ಟೋ ಮಂದಿ ಅರ್ಜಿಯನ್ನೇ ಹಾಕಲಿಲ್ಲ. ಪದಕವಿಲ್ಲ ಎಂದರೆ ಯುದ್ಧಕ್ಕೆ ಹೋಗಿರಲಿಲ್ಲ ಎಂದಲ್ಲ. ಇದ್ದರೆ ಮಾತ್ರ ಪದಕದ ಬಟ್ಟೆಪಟ್ಟಿಯ ಬಣ್ಣ ನೋಡಿ: ನಡುವೆ ತಿಳಿನೀಲಿ, ಎರಡೂ ಅಂಚಿಗೆ ಕಪ್ಪು, ನೀಲಿಗೂ ಕಪ್ಪಿಗೂ ನಡುವೆ ಹಳದಿ ಗೆರೆ ಇರುವುದು ಏರ್‌ಕ್ರೂ ಯೂರೋಪ್ ಸ್ಟಾರ್. 1944ರ ಜೂನ್ 5ರವರೆಗಿನ ಹಾರಾಟಕ್ಕೆ ಮಾತ್ರ ಅದು ಸಲ್ಲುತ್ತಿತ್ತು. ಆಮೇಲೆ ಬಂದವರಿಗೆ ಫ್ರಾನ್ಸ್ ಮತ್ತು ಜರ್ಮನಿ ಸ್ಟಾರ್. ಶೌರ್ಯ ಪದಕಗಳಲ್ಲಿ ಅಧಿಕಾರಿಗಳಿಗೆ ಕೊಡುತ್ತಿದ್ದ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಅಥವಾ ಡಿಎಫ್‌ಸಿಯ ಹಿಂಬದಿಯಲ್ಲಿ ಇಸವಿ ಮಾತ್ರ ಇರುತ್ತದೆ. ಸಾರ್ಜೆಂಟರಿಗೆ ಕೊಡುತ್ತಿದ್ದ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಮೆಡಲ್ ಅಥವಾ ಡಿಎಫ್‌ಎಂನ ಅಂಚಿನಲ್ಲಿ ಪಡೆದವರ ಹೆಸರೇ ಇರುತ್ತದೆ.

ಮನೆಯಲ್ಲಿ ಲಾಗ್‌ಬುಕ್ ಇದ್ದರೆ ನೀವು ಅರ್ಧ ದಾರಿ ಮುಗಿಸಿದಂತೆ. ದಿನಾಂಕ, ಹೊರಟ ಹೊತ್ತು, ವಿಮಾನದ ಮಾದರಿ ಮತ್ತು ಸಂಖ್ಯೆ, ಪೈಲಟ್‌ನ ಹೆಸರು, ಮಾಡಿದ ಕೆಲಸ, ಗಾಳಿಯಲ್ಲಿದ್ದ ಗಂಟೆಗಳು, ಎಲ್ಲವೂ ಸ್ವಂತ ಕೈಬರಹದಲ್ಲಿ. ರಾತ್ರಿ ಹಾರಾಟ ಕೆಂಪು ಶಾಯಿಯಲ್ಲಿರುತ್ತದೆ. ಹಗಲು ದಾಳಿಗೆ ಹಸಿರು ಶಾಯಿ ಬಳಸಿದವರೂ ಇದ್ದಾರೆ. ಒಳಗಿನ ಭಾಷೆ ಮಾತ್ರ ಮೊದಲಿಗೆ ಒಗಟು. ‘ಆಪ್ಸ್’ ಎಂದರೆ ಶತ್ರುವಿನ ಮೇಲೆ ನಿಜವಾದ ಹಾರಾಟ. ‘ಗಾರ್ಡನಿಂಗ್’ ಎಂದು ಓದಿ ಅಜ್ಜ ತೋಟಗಾರಿಕೆ ಮಾಡುತ್ತಿದ್ದರೆಂದು ತಿಳಿಯಬೇಡಿ. ಅದು ಸಮುದ್ರದಲ್ಲಿ ಹಡಗು ಸಿಡಿಸುವ ಮೈನ್ ಬಿತ್ತುವ ಕೆಲಸ. ಆ ಸಮುದ್ರ ಪ್ರದೇಶಗಳಿಗೆ ಹಣ್ಣು, ಹೂವು, ತರಕಾರಿಗಳ ಗುಪ್ತನಾಮಗಳಿದ್ದವು. ‘ನೆಕ್ಟರೀನ್’ ಎಂದರೆ ಫ್ರೀಸಿಯನ್ ದ್ವೀಪಗಳ ಕಡೆ. ‘ನಿಕಲ್’ ಎಂದರೆ ಕರಪತ್ರ ಉದುರಿಸುವುದು. ‘ಬುಲ್ಸ್‌ಐ’ ಬ್ರಿಟನ್ ಮೇಲಿನ ರಾತ್ರಿ ಕವಾಯತು, ದಾಳಿಯಲ್ಲ. ‘ಡಿಸಿಒ’ ಎಂದರೆ ಒಪ್ಪಿಸಿದ ಕೆಲಸ ಮುಗಿಯಿತು, ‘ಡಿಎನ್‌ಸಿಒ’ ಎಂದರೆ ಮುಗಿಯಲಿಲ್ಲ. ಪೈಲಟ್‌ನ ಪುಸ್ತಕದಲ್ಲಿ ಮೊದಲಿಗೆ ‘ಸೆಕೆಂಡ್ ಡಿಕಿ’ ಎಂದಿದ್ದರೆ, ಅನುಭವಿಗಳ ಜೊತೆ ನೋಡಿ ಕಲಿಯಲು ಹೋಗಿದ್ದ ಎಂದರ್ಥ. ಅದರಿಂದಲೇ ಪೈಲಟ್‌ನ ದಾಳಿಗಳ ಎಣಿಕೆ ತಂಡದ ಉಳಿದವರಿಗಿಂತ ಒಂದೆರಡು ಮುಂದಿರುತ್ತದೆ.

ಲಾಗ್‌ಬುಕ್ ಸಿಗದವರು ತಮ್ಮನ್ನು ತಾವೇ ದೂರಿಕೊಳ್ಳಬೇಕಿಲ್ಲ. ಸತ್ತವರ ಪುಸ್ತಕಗಳನ್ನು ಬ್ರಿಟಿಷ್ ವಾಯು ಸಚಿವಾಲಯ ಇಟ್ಟುಕೊಂಡಿತ್ತು. ಕುಟುಂಬಗಳು ಕೇಳಿ ಪಡೆಯದೇ ಉಳಿದವನ್ನು 1960ರ ಆಸುಪಾಸಿನಲ್ಲಿ, ಕೆಲವು ಮಾದರಿಗಳನ್ನು ಉಳಿಸಿಕೊಂಡು, ನಾಶ ಮಾಡಿತು. ನನಗಂತೂ ಈ ಇಡೀ ವಿಷಯದಲ್ಲಿ ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿಲ್ಲ.

ಕೊನೆಯದಾಗಿ ಮನೆಯವರು ಹೇಳುವ ಕಥೆಗಳು. ಬರೆದುಕೊಳ್ಳಿ, ಆದರೆ ಪೆನ್ಸಿಲ್‌ನಲ್ಲಿ. ‘ಅವರು ಅಣೆಕಟ್ಟು ಒಡೆದವರಲ್ಲಿ ಒಬ್ಬರು’ ಎನ್ನುವ ಕುಟುಂಬಗಳಿಗೆ ಲೆಕ್ಕವಿಲ್ಲ. 1943ರ ಮೇ 16-17ರ ರಾತ್ರಿ ಜರ್ಮನಿಯ ಅಣೆಕಟ್ಟುಗಳ ಮೇಲಿನ ಆ ದಾಳಿಗೆ 617ನೇ ಸ್ಕ್ವಾಡ್ರನ್ನಿನಿಂದ ಹೋದದ್ದು 19 ವಿಮಾನ, 133 ಮಂದಿ. ಅಷ್ಟೂ ಹೆಸರುಗಳು ಬಹಿರಂಗವಾಗಿವೆ. ಹತ್ತು ನಿಮಿಷದಲ್ಲಿ ನೋಡಿ ತೀರ್ಮಾನಿಸಬಹುದು.

ಸೇವಾ ಸಂಖ್ಯೆ

ಹೆಸರಿನ ಬೆನ್ನು ಹತ್ತಬೇಡಿ, ಸಂಖ್ಯೆಯ ಬೆನ್ನು ಹತ್ತಿ. ಒಂದೇ ಹೆಸರಿನವರು ನೂರಾರು ಮಂದಿ ಇದ್ದರು. ಸೇವಾ ಸಂಖ್ಯೆ ಒಬ್ಬರಿಗೇ. ಹಳೆಯ ಪತ್ರದ ವಿಳಾಸ, ವೇತನ ಪುಸ್ತಕ, ಸಮಾಧಿಯ ಕಲ್ಲು, ಎಲ್ಲಿಯಾದರೂ ಅದು ಇರುತ್ತದೆ. ಆದರೆ ಒಂದು ತೊಡಕಿದೆ: ಸಾರ್ಜೆಂಟ್ ಆಗಿದ್ದವರು ಅಧಿಕಾರಿಯಾದಾಗ ಹೊಸ ಸಂಖ್ಯೆ ಸಿಗುತ್ತಿತ್ತು. ಒಬ್ಬರೇ ವ್ಯಕ್ತಿಗೆ ಎರಡು ಸಂಖ್ಯೆ ಕಂಡರೆ ಗಾಬರಿಯಾಗಬೇಡಿ, ಎರಡನ್ನೂ ಬರೆದಿಟ್ಟುಕೊಳ್ಳಿ. ಅಧಿಕಾರಿಯಾದ ದಿನಾಂಕ ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿತ್ತು; ಆ ಗೆಜೆಟ್ ಅಂತರ್ಜಾಲದಲ್ಲಿ ಉಚಿತವಾಗಿದೆ. ಕೆನಡಾದವರ ಸಂಖ್ಯೆಯ ಮುಂದೆ ‘ಆರ್’ ಅಥವಾ ‘ಜೆ’ ಇರುತ್ತದೆ: ಮೊದಲನೆಯದು ಕೆಳದರ್ಜೆಯವರಿಗೆ, ಎರಡನೆಯದು ಅಧಿಕಾರಿಗಳಿಗೆ.

ಸೇವಾ ದಾಖಲೆಗೆ ಅರ್ಜಿಯನ್ನು ಈಗಲೇ ಹಾಕಿಬಿಡಿ. ಬರಲು ತಡವಾಗುತ್ತದೆ, ಅಷ್ಟರಲ್ಲಿ ಉಳಿದ ಕೆಲಸ ನಡೆಸಬಹುದು. ಈ ಕಡತಗಳು ಮೊದಲು ಬ್ರಿಟಿಷ್ ರಕ್ಷಣಾ ಸಚಿವಾಲಯದಲ್ಲಿದ್ದವು. 2022ರಿಂದ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹಂತಹಂತವಾಗಿ ಹೋಗುತ್ತಿವೆ. ನಿಮಗೆ ಬೇಕಾದ ಕಡತ ಯಾವ ಕಡೆ ಇದೆ ಎಂದು ಎರಡೂ ಜಾಲತಾಣಗಳಲ್ಲಿ ನೋಡಿಕೊಂಡು ಅರ್ಜಿ ಹಾಕಿ. ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಸಂಖ್ಯೆ, ಮರಣ ಪ್ರಮಾಣಪತ್ರ ಸಿದ್ಧವಿರಲಿ. ಸೇವೆಯಲ್ಲಿದ್ದಾಗಲೇ ತೀರಿಕೊಂಡವರಿಗೆ ಪ್ರಮಾಣಪತ್ರ ಬೇಕಿಲ್ಲ.

ದಾಖಲೆ ಬಂದ ಮೇಲೆ ಒಂದನ್ನು ಗಮನಿಸಿ. ಪೈಲಟ್, ನ್ಯಾವಿಗೇಟರ್, ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಗನ್ನರ್‌ಗಳು ಮೊದಲ ಬಾರಿಗೆ ಕೂಡುತ್ತಿದ್ದದ್ದು ಆಪರೇಷನಲ್ ಟ್ರೇನಿಂಗ್ ಯೂನಿಟ್‌ನಲ್ಲಿ. ಹ್ಯಾಂಗರಿನಲ್ಲಿ ಎಲ್ಲರನ್ನೂ ಬಿಟ್ಟು ‘ನೀವೇ ತಂಡ ಕಟ್ಟಿಕೊಳ್ಳಿ’ ಎನ್ನುತ್ತಿದ್ದರಂತೆ. ಸೇನೆಯೊಂದು ಹೀಗೆ ನಡೆದುಕೊಂಡಿತೆಂದರೆ ನಂಬುವುದು ಕಷ್ಟ, ಆದರೆ ಆ ಪದ್ಧತಿ ಫಲಿಸಿತು. ನಾಲ್ಕು ಎಂಜಿನ್ನಿನ ವಿಮಾನ ಕಲಿಯಲು ಮುಂದೆ ಹೆವಿ ಕನ್ವರ್ಷನ್ ಯೂನಿಟ್‌ಗೆ ಹೋದಾಗ ಫ್ಲೈಟ್ ಎಂಜಿನಿಯರ್ ಸೇರಿಕೊಳ್ಳುತ್ತಿದ್ದ. ಅಲ್ಲಿಂದ ಇಡೀ ತಂಡ ಒಂದೇ ದಿನ ಸ್ಕ್ವಾಡ್ರನ್ನಿಗೆ ವರ್ಗವಾಗುತ್ತಿತ್ತು. ನಿಮ್ಮ ಬಂಧು ಸ್ಕ್ವಾಡ್ರನ್ನಿಗೆ ಬಂದ ದಿನವೇ ಬಂದ ಉಳಿದ ಆರು ಹೆಸರುಗಳು ಸಿಕ್ಕರೆ ತಂಡ ಸಿಕ್ಕಂತೆಯೇ.

ಸ್ಕ್ವಾಡ್ರನ್ನಿನ ದಿನಚರಿ

ಹುಡುಕಾಟದ ಹೃದಯ ಇಲ್ಲಿದೆ. ಪ್ರತಿ ಸ್ಕ್ವಾಡ್ರನ್ ಆಪರೇಷನ್ಸ್ ರೆಕಾರ್ಡ್ ಬುಕ್ ಎಂಬ ದಿನಚರಿ ಬರೆಯಬೇಕಿತ್ತು. ರಾಷ್ಟ್ರೀಯ ಪತ್ರಾಗಾರದಲ್ಲಿ ಇವು ‘ಏರ್ 27’ ಎಂಬ ಸರಣಿಯಲ್ಲಿವೆ. ಸ್ಕ್ಯಾನ್ ಮಾಡಿದ ಪುಟಗಳನ್ನು ಮನೆಯಲ್ಲೇ ಕುಳಿತು ಇಳಿಸಿಕೊಳ್ಳಬಹುದು. ದಿನಚರಿಯಲ್ಲಿ ಎರಡು ಬಗೆಯ ನಮೂನೆಗಳು. 540ನೇ ನಮೂನೆ ದಿನದಿನದ ವರದಿ: ಹವಾಮಾನ, ಬಂದವರು ಹೋದವರು, ರದ್ದಾದ ದಾಳಿ, ಕೆಲವೊಮ್ಮೆ ಕ್ರಿಕೆಟ್ ಪಂದ್ಯ ಕೂಡ. 541ನೇ ನಮೂನೆಯಲ್ಲಿ ಪ್ರತಿ ದಾಳಿಗೆ ಹೋದ ಪ್ರತಿ ವಿಮಾನದ ಸಂಖ್ಯೆ, ಒಳಗಿದ್ದವರ ಹೆಸರು, ಏರಿದ ಹೊತ್ತು, ಇಳಿದ ಹೊತ್ತು, ಬಂದ ಮೇಲೆ ಅವರು ಹೇಳಿದ ಒಂದೆರಡು ಸಾಲು. ಇಳಿದ ಹೊತ್ತಿನ ಜಾಗ ಖಾಲಿ ಇದ್ದರೆ, ಪಕ್ಕದಲ್ಲಿ ‘ಎಫ್‌ಟಿಆರ್’ ಎಂದಿದ್ದರೆ, ಆ ವಿಮಾನ ಮರಳಲಿಲ್ಲ.

ಸ್ಕ್ವಾಡ್ರನ್ ಸೇರಿದ ತಿಂಗಳಿನಿಂದ ಬಿಟ್ಟ ತಿಂಗಳಿನವರೆಗೆ ಎಲ್ಲ ಪುಟಗಳನ್ನೂ ತೆಗೆದುಕೊಳ್ಳಿ. ಮೊದಲ ಸರದಿ ಸಾಮಾನ್ಯವಾಗಿ 30 ದಾಳಿ. ಮುಗಿಸಿದವರು ಸುಮಾರು ಆರು ತಿಂಗಳು ಬೇರೆಡೆ ತರಬೇತಿ ಕೊಡಬೇಕಿತ್ತು, ಆಮೇಲೆ 20 ದಾಳಿಗಳ ಎರಡನೇ ಸರದಿಯೂ ಇತ್ತು. ಒಂದೊಂದು ಹಾರಾಟಕ್ಕೆ ಒಂದೊಂದು ಸಾಲು ಮಾಡಿ ಪಟ್ಟಿ ಬರೆಯಿರಿ: ರಾತ್ರಿ, ಗುರಿ, ವಿಮಾನ ಸಂಖ್ಯೆ, ಏಳೂ ಹೆಸರು. ಏಳರಲ್ಲಿ ಒಂದು ಹೆಸರು ಒಂದು ರಾತ್ರಿ ಬೇರೆಯಾದರೆ ಅದಕ್ಕೊಂದು ಗುರುತು ಹಾಕಿ. ಯಾರೋ ಜ್ವರದಿಂದ ಮಲಗಿದ್ದರು, ಅಥವಾ ನಿಮ್ಮ ಬಂಧುವೇ ಇನ್ನೊಂದು ತಂಡಕ್ಕೆ ಒಂದು ರಾತ್ರಿಯ ಮಟ್ಟಿಗೆ ಹೋಗಿದ್ದರು. ತನ್ನ ತಂಡವಲ್ಲದ ವಿಮಾನದಲ್ಲಿ ಹೋಗಿ ಮರಳದವರು ಬಹಳ ಮಂದಿ.

ದಿನಚರಿಯನ್ನು ದೇವರ ವಾಕ್ಯ ಎಂದುಕೊಳ್ಳಬೇಡಿ. ಟೈಪ್ ಮಾಡಿದ ಗುಮಾಸ್ತ ದಾಳಿಗೆ ಹೋದವನಲ್ಲ. ಹೆಸರಿನ ಕಾಗುಣಿತ ತಪ್ಪುತ್ತದೆ, ವಿಮಾನ ಸಂಖ್ಯೆಯ ಅಂಕಿಗಳು ಹಿಂದುಮುಂದಾಗುತ್ತವೆ. ಕೆಲವು ಸ್ಕ್ವಾಡ್ರನ್ನುಗಳು ಕೆಲವು ತಿಂಗಳು ಪೈಲಟ್‌ನ ಹೆಸರನ್ನಷ್ಟೇ ಬರೆದಿವೆ. ಆಗ ಪೈಲಟ್‌ನ ಹೆಸರೇ ನಿಮ್ಮ ದಾರ. ಒಂದೇ ಒಂದು ರಾತ್ರಿ ನಿಮ್ಮ ಬಂಧು ಯಾರ ಜೊತೆ ಹೋದರೆಂದು ಗೊತ್ತಾದರೆ ಸಾಕು, ಅವನ ಹೆಸರು ಹಿಡಿದು ಮಿಕ್ಕ ರಾತ್ರಿಗಳಿಗೆ ಹೋಗಬಹುದು. ಆ ಪೈಲಟ್‌ನ ಲಾಗ್‌ಬುಕ್ ಅವನ ಮೊಮ್ಮಕ್ಕಳ ಬಳಿ ಇದ್ದರಂತೂ ನಿಮ್ಮ ಅಜ್ಜನ ಕಳೆದುಹೋದ ಪುಸ್ತಕದ ಮುಕ್ಕಾಲು ಪಾಲು ವಾಪಸು ಬಂದಂತೆ.

ದಿನಾಂಕದ ಗೊಂದಲವೂ ಇದೆ. ವಿಮಾನ ಒಂದು ದಿನ ಏರಿ ಮರುದಿನ ಇಳಿಯುತ್ತಿತ್ತು. ನ್ಯೂರೆಂಬರ್ಗ್ ದಾಳಿ 1944ರ ಮಾರ್ಚ್ 30ರಂದು ನಡೆಯಿತೇ 31ರಂದೇ ಎಂದು ಕೇಳಿದರೆ ಎರಡೂ ಸರಿ. ಆ ಒಂದು ರಾತ್ರಿ ಹೊರಟ 795 ವಿಮಾನಗಳಲ್ಲಿ 95 ಮರಳಲಿಲ್ಲ. ಆ ರಾತ್ರಿಯ ಸಾವುಗಳನ್ನು ಹುಡುಕುವಾಗ ಎರಡೂ ದಿನಾಂಕಗಳನ್ನು ನೋಡಬೇಕು.

ವಿಮಾನವನ್ನು ಗುರುತಿಸಲು ಅದರ ಮೈಮೇಲೆ ಬರೆದ ಅಕ್ಷರವನ್ನು ನಂಬಬೇಡಿ, ಸರಣಿ ಸಂಖ್ಯೆಯನ್ನು ನಂಬಿ. ‘ಅಜ್ಜ ಜಿ ಫಾರ್ ಜಾರ್ಜ್‌ನಲ್ಲಿ ಹಾರಿದರು’ ಎಂದರೆ ಏನೂ ಹೇಳಿದಂತಲ್ಲ. ಸ್ಕ್ವಾಡ್ರನ್ನಿಗೊಂದು ಜಿ ಇರುತ್ತಿತ್ತು, ಒಂದು ಬಿದ್ದರೆ ಹೊಸದಕ್ಕೂ ಅದೇ ಅಕ್ಷರ. ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿರುವ ಪ್ರಸಿದ್ಧ ‘ಜಿ’ 460ನೇ ಸ್ಕ್ವಾಡ್ರನ್ನಿನದು, ಸಂಖ್ಯೆ ಡಬ್ಲ್ಯು4783. ಲಂಡನ್ನಿನ ವಾಯುಪಡೆ ವಸ್ತುಸಂಗ್ರಹಾಲಯದ ಆರ್5868 ಒಂದು ಸ್ಕ್ವಾಡ್ರನ್ನಿನಲ್ಲಿ ‘ಕ್ಯೂ’ ಆಗಿತ್ತು, ಇನ್ನೊಂದಕ್ಕೆ ಹೋದ ಮೇಲೆ ‘ಎಸ್’ ಆಯಿತು. ಪ್ರತಿ ವಿಮಾನದ ಓಡಾಟದ ಚರಿತ್ರೆಯ ಕಾರ್ಡುಗಳೂ ಅಪಘಾತದ ಕಾರ್ಡುಗಳೂ ಅದೇ ವಸ್ತುಸಂಗ್ರಹಾಲಯದಲ್ಲಿವೆ. ಅಪಘಾತದ ಕಾರ್ಡು ಅನೇಕರಿಗೆ ಬೇಕಾಗುತ್ತದೆ: ಬಾಂಬರ್ ಕಮಾಂಡ್‌ನ ಸತ್ತವರಲ್ಲಿ 8,000ಕ್ಕೂ ಹೆಚ್ಚು ಮಂದಿ ಶತ್ರುವಿನ ಮುಖ ನೋಡದೆ ಅಪಘಾತಗಳಲ್ಲೇ ಹೋದರು. ತರಬೇತಿ ಘಟಕಗಳ ದಿನಚರಿ ‘ಏರ್ 29’ ಸರಣಿಯಲ್ಲಿದೆ.

ಸ್ಕ್ವಾಡ್ರನ್ನಿನ ಹೆಸರಿನಿಂದಲೂ ಮೋಸ ಹೋಗಬಾರದು. 110 (ಹೈದರಾಬಾದ್), 102 (ಸಿಲೋನ್), 149 (ಈಸ್ಟ್ ಇಂಡಿಯಾ) ಎಂಬ ಹೆಸರು ಕಂಡು ನಮ್ಮ ಕಡೆಯವರ ಪಡೆ ಎಂದು ಹಿಗ್ಗುವುದು ಸಹಜ. ಇಂಥ ಹೆಸರುಗಳು ಹಾರಿದವರ ಊರನ್ನು ಹೇಳುವುದಿಲ್ಲ. 110ಕ್ಕೆ ಆ ಹೆಸರು ಬಂದದ್ದು ಮೊದಲ ಮಹಾಯುದ್ಧದಲ್ಲಿ ನಿಜಾಮರು ಅದರ ವಿಮಾನಗಳಿಗೆ ಹಣ ಕೊಟ್ಟದ್ದರಿಂದ. ಅದೇ ರೀತಿ 400ರಿಂದ 449ರವರೆಗಿನ ಸಂಖ್ಯೆಗಳನ್ನು ಕೆನಡಾಕ್ಕೆ, 450ರಿಂದ 467ರವರೆಗಿನವನ್ನು ಆಸ್ಟ್ರೇಲಿಯಾಕ್ಕೆ ಮೀಸಲಿಟ್ಟಿದ್ದರೂ ಅವುಗಳ ತಂಡಗಳಲ್ಲಿ ಎಲ್ಲ ದೇಶದವರೂ ಬೆರೆತಿದ್ದರು.

ಪಟ್ಟಿಯಲ್ಲಿ ನಾನು ಇನ್ನೊಂದು ಅಂಕಣ ಸೇರಿಸುತ್ತೇನೆ: ಆ ರಾತ್ರಿ ಕೆಳಗೆ ಏನಾಯಿತು. ದಿನಚರಿ ‘ಗುರಿ ಚೆನ್ನಾಗಿ ಉರಿಯುತ್ತಿತ್ತು’ ಎಂಬ ಧಾಟಿಯಲ್ಲಿ ಮುಗಿಸಿಬಿಡುತ್ತದೆ. ಪಟ್ಟಿಯಲ್ಲಿ 1943ರ ಜುಲೈ 27-28, ಹ್ಯಾಂಬರ್ಗ್ ಎಂದಿದ್ದರೆ, ಇಡೀ ವಸತಿ ಪ್ರದೇಶಗಳನ್ನು ನುಂಗಿದ ಬೆಂಕಿಯ ಬಿರುಗಾಳಿ ಎದ್ದದ್ದು ಆ ರಾತ್ರಿಯೇ. ಜರ್ಮನ್ ನಗರಗಳ ಪತ್ರಾಗಾರಗಳಲ್ಲಿ ಈ ರಾತ್ರಿಗಳ ವಿವರ ಸಿಗುತ್ತದೆ. ಅಜ್ಜ ಯುದ್ಧದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ ಎನ್ನುವವರು ಈ ಅಂಕಣವನ್ನು ಖಾಲಿ ಬಿಡಬಾರದು.

ಮರಳದವರ ಕಡತ

ಮೊದಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ. ಹೆಸರು, ಸಂಖ್ಯೆ, ಸ್ಕ್ವಾಡ್ರನ್, ದಿನಾಂಕ, ಸಮಾಧಿಯ ಜಾಗ ಸಿಗುತ್ತವೆ. ಅದೇ ಸ್ಮಶಾನದಲ್ಲಿ, ಅದೇ ದಿನಾಂಕದಲ್ಲಿ, ಅದೇ ಸ್ಕ್ವಾಡ್ರನ್ನಿನ ಬೇರೆ ಯಾರಿದ್ದಾರೆ ನೋಡಿ. ಅಕ್ಕಪಕ್ಕದ ಆರು ಕಲ್ಲುಗಳು ಹೆಚ್ಚಾಗಿ ಅದೇ ವಿಮಾನದವರವು. ಸಮಾಧಿಯೇ ಇಲ್ಲದವರ ಹೆಸರು ಲಂಡನ್ನಿನ ಪಶ್ಚಿಮಕ್ಕಿರುವ ರನ್ನಿಮೀಡ್ ಸ್ಮಾರಕದಲ್ಲಿದೆ. 1953ರಲ್ಲಿ ತೆರೆದ ಆ ಸ್ಮಾರಕದ ಗೋಡೆಗಳಲ್ಲಿ 20,000ಕ್ಕೂ ಹೆಚ್ಚು ಹೆಸರುಗಳಿವೆ. ಬಳಿಕ ಲಿಂಕನ್ ನಗರದ ಅಂತರರಾಷ್ಟ್ರೀಯ ಬಾಂಬರ್ ಕಮಾಂಡ್ ಕೇಂದ್ರದ ನಷ್ಟಗಳ ದತ್ತಸಂಚಯ. ಅಲ್ಲಿ ಒಬ್ಬರ ಪುಟದಿಂದ ಅವರ ತಂಡದ ಉಳಿದವರ ಪುಟಗಳಿಗೆ ದಾರಿಯಿದೆ.

ಅತ್ಯಂತ ಶ್ರೀಮಂತ ಕಡತ ಇರುವುದು ರಾಷ್ಟ್ರೀಯ ಪತ್ರಾಗಾರದ ‘ಏರ್ 81’ ಸರಣಿಯಲ್ಲಿ. ಒಂದೊಂದು ಅವಘಡಕ್ಕೆ ವಾಯು ಸಚಿವಾಲಯ ತೆರೆದ ಕಡತ ಅದು. ಇವು ವರ್ಷದ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಸಾರ್ವಜನಿಕರಿಗೆ ತೆರೆಯುತ್ತಿವೆ. ನಿಮ್ಮದು ಇನ್ನೂ ಬಂದಿರದಿದ್ದರೆ ವರ್ಷಕ್ಕೊಮ್ಮೆ ನೋಡುತ್ತಿರಿ. ಒಳಗೆ ತಂತಿಗಳು, ರೆಡ್‌ಕ್ರಾಸ್ ಮೂಲಕ ಜರ್ಮನ್ನರು ಕೊಟ್ಟ ಮಾಹಿತಿ, ತಾಯಂದಿರು ಬರೆದ ಪತ್ರಗಳು. ಯುದ್ಧ ಮುಗಿದ ಮೇಲೆ ಕಾಣೆಯಾದವರನ್ನು ಹುಡುಕಲು ನೇಮಿಸಿದ ಪಡೆ ಯೂರೋಪಿನ ಹಳ್ಳಿಹಳ್ಳಿ ಸುತ್ತಿತು. ಸಮಾಧಿ ತೆಗೆಸಿ, ಬಟ್ಟೆಯ ಮೇಲಿನ ದೋಬಿ ಗುರುತಿನಿಂದ, ಬೂಟಿನ ಅಳತೆಯಿಂದ ಗುರುತು ಹಿಡಿಯಿತು. ಆ ವರದಿಗಳೂ ಇಂಥ ಕಡತದಲ್ಲಿ ಇರಬಹುದು. ಹಾಗಾಗಿ ಮನೆಯ ಹಿರಿಯರ ಕೈಗೆ ಕೊಡುವ ಮೊದಲು ನೀವೊಬ್ಬರೇ ಕುಳಿತು ಪೂರ್ತಿ ಓದಿ.

ಸೆರೆ ಸಿಕ್ಕವರಿಗೆ ಬೇರೆ ಸರಣಿಗಳಿವೆ. ಜರ್ಮನ್ನರೇ ಬರೆದ ಕೈದಿ ಕಾರ್ಡುಗಳು ‘ಡಬ್ಲ್ಯುಒ 416’ರಲ್ಲಿ, ಕೆಲವಕ್ಕೆ ಫೋಟೋ ಸಹಿತ, ಬಿಡುಗಡೆಯಾದ ಮೇಲೆ ತುಂಬಿದ ಪ್ರಶ್ನಾವಳಿಗಳು ‘ಡಬ್ಲ್ಯುಒ 344’ರಲ್ಲಿ, ಪ್ಯಾರಾಶೂಟಿನಲ್ಲಿ ಇಳಿದು ತಪ್ಪಿಸಿಕೊಂಡು ಬಂದವರ ಹೇಳಿಕೆಗಳು ‘ಡಬ್ಲ್ಯುಒ 208’ರಲ್ಲಿ. ಸತ್ತ ಆರು ಮಂದಿಯ ಕೊನೆಯ ನಿಮಿಷಗಳನ್ನು ಬದುಕುಳಿದ ಏಳನೆಯವನ ಹೇಳಿಕೆ ಮಾತ್ರ ತಿಳಿಸಬಲ್ಲದು. ನಿಮ್ಮ ಬಂಧುವಿನ ಹೆಸರಿನಲ್ಲಿ ಏನೂ ಸಿಗದಾಗ ಆ ಏಳನೆಯವನ ಹೆಸರಿನಲ್ಲಿ ಹುಡುಕಿ.

ಬೇರೆ ದೇಶದವರು

ತಂಡದಲ್ಲಿ ಆಸ್ಟ್ರೇಲಿಯಾದವನೊಬ್ಬ ಇದ್ದರೆ ಅದು ನಿಮ್ಮ ಅದೃಷ್ಟ. ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ‘ಎ705’ ಸರಣಿಯ ಅವಘಡ ಕಡತಗಳಲ್ಲಿ ಬಹಳಷ್ಟನ್ನು ಮನೆಯಿಂದಲೇ ಉಚಿತವಾಗಿ ಓದಬಹುದು. ಬ್ರಿಟನ್ನಿನಲ್ಲಿ ಇನ್ನೂ ತೆರೆಯದ ಸಂಗತಿ ಅಲ್ಲಿ ತೆರೆದಿರಬಹುದು. ಕೆನಡಾದಲ್ಲಿ ಯುದ್ಧದಲ್ಲಿ ಸತ್ತವರ ಸೇವಾ ಕಡತಗಳು ಸ್ಕ್ಯಾನ್ ಆಗಿವೆ. ಅಮೆರಿಕದ ಬಾಂಬರ್ ತಂಡವಾದರೆ ಹುಡುಕಬೇಕಾದದ್ದು ಕಾಣೆಯಾದ ವಿಮಾನ ಸಿಬ್ಬಂದಿಯ ವರದಿಗಳನ್ನು. ವೈಯಕ್ತಿಕ ಕಡತಗಳಲ್ಲಿ ಬಹುಪಾಲು 1973ರ ಜುಲೈನಲ್ಲಿ ಸೇಂಟ್ ಲೂಯಿಯ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು.

ಉಳಿದ ಆರು ಮನೆಗಳು

ಇಷ್ಟು ಹೊತ್ತಿಗೆ ಏಳು ಹೆಸರು, ಏಳು ಸಂಖ್ಯೆ, ಹಾರಾಟಗಳ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ಸಮಾಧಿ ಆಯೋಗದ ದಾಖಲೆಯಲ್ಲಿ ಅನೇಕರ ತಂದೆತಾಯಿಯರ ಹೆಸರು ಮತ್ತು ಊರು ಇರುತ್ತದೆ. ಆ ಊರಿನ ಹಳೆಯ ಪತ್ರಿಕೆಗಳಲ್ಲಿ ಫೋಟೋ ಸಮೇತ ಸುದ್ದಿ ಬಂದಿರಬಹುದು. ಸ್ಕ್ವಾಡ್ರನ್ನಿನ ಸಂಘ ಈಗಲೂ ನಡೆಯುತ್ತಿದ್ದರೆ ಅವರಿಗೆ ಬರೆಯಿರಿ. ಬರೆಯುವಾಗ ‘ನಿಮ್ಮಲ್ಲಿ ಏನಿದೆ’ ಎಂದು ಕೇಳುವ ಮೊದಲು ನಿಮ್ಮಲ್ಲಿರುವ ಪಟ್ಟಿಯನ್ನು ಕಳುಹಿಸಿ. ಕೇಳುವವರಿಗೆ ಉತ್ತರ ಬರುವುದು ತಡ, ಕೊಡುವವರಿಗೆ ಬೇಗ.

ಲಿಂಕನ್ ಕೇಂದ್ರದ ಅಂಕೀಯ ಸಂಗ್ರಹ ಕುಟುಂಬಗಳಲ್ಲಿರುವ ಲಾಗ್‌ಬುಕ್, ಪತ್ರ, ಫೋಟೋಗಳ ಪ್ರತಿಗಳನ್ನು ಕಾಪಿಡುತ್ತದೆ. ನಿಮ್ಮದನ್ನು ಕೊಡುವುದಾದರೆ ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ವಿಮಾನದ ಮುಂದೆ ಸಾಲಾಗಿ ನಿಂತವರ ಹೆಸರುಗಳನ್ನು ಯಾರೋ ಪೆನ್ಸಿಲ್‌ನಲ್ಲಿ, ಎಡದಿಂದ ಬಲಕ್ಕೆ, ಅಲ್ಲಿಯೇ ಬರೆದಿಟ್ಟಿರುತ್ತಾರೆ.